ಎದುರು ಪಕ್ಷ ವಹಿಸಿದವಳು

ಯಕ್ಷಗಾನದ ತಾಳಮದ್ದಳೆ ಕೇಳಿ ಬೆಳೆದವರಿಗೆ ಒಂದು ಅಭ್ಯಾಸವಿರುತ್ತದೆ. ಅಲ್ಲಿ ವೇಷವಿಲ್ಲದೆ, ಪಂಚೆ ಶಾಲಿನಲ್ಲಿ ಕುಳಿತವರು ಪಾತ್ರವಾಗಿ ವಾದಿಸುತ್ತಾರೆ. ದುರ್ಯೋಧನನ ಪಕ್ಷ ವಹಿಸಿದವರು ಎಷ್ಟು ಗಟ್ಟಿಯಾಗಿ ಮಾತಾಡಿದರೂ, ಎದ್ದು ಚಹಾಕ್ಕೆ ಹೋಗುವಾಗ ಅವರನ್ನು ಯಾರೂ ದುರ್ಯೋಧನನೆಂದು ತಿಳಿಯುವುದಿಲ್ಲ. ನನ್ನ ಕನ್ನಡ ತರಗತಿಯಲ್ಲಿ ಇದನ್ನೇ ಬಳಸುತ್ತ ಬಂದೆ. ವಿದ್ಯಾರ್ಥಿ ಮೊದಲು ತನಗೆ ಒಪ್ಪಿಗೆಯಿಲ್ಲದ ಪಕ್ಷ ವಹಿಸಬೇಕು. ಮುಂದಿನ ವಾರ ಪಕ್ಷ ಬದಲು.

ಆ ದಿನದ ವಿಷಯ, ಕಾಲೇಜಿನಲ್ಲಿ ಕನ್ನಡ ಕಲಿಯಬೇಕೇ ಎಂಬುದು. ಬೇಡ ಎನ್ನುವ ಪಕ್ಷವನ್ನು ನಮ್ಮ ಊರಿನದೇ ಜೆಪ್ಪು ಭಾಗದ ಹುಡುಗಿಗೆ ಕೊಟ್ಟೆ. ಅವಳ ಮನೆಮಾತು ಕೊಂಕಣಿ. ಮುಂದೆ ಕನ್ನಡದಲ್ಲೇ ಎಂ.ಎ. ಮಾಡುತ್ತೇನೆ ಎಂದವಳು ಆ ತರಗತಿಯಲ್ಲಿ ಅವಳೊಬ್ಬಳೇ. ಅದಕ್ಕಾಗಿಯೇ ಅವಳಿಗೆ ಕೊಟ್ಟೆ.

ತಾನು ಎದುರು ಪಕ್ಷ ವಹಿಸಿದ್ದೇನೆಂದು ಹೇಳಿಯೇ ಅವಳು ಆರಂಭಿಸಿದಳು. ಆಮೇಲೆ ಸ್ವರ ಏರಿಸಿದಳು.

"ಅಡುಗೆಮನೆಯಲ್ಲಿ ಕೊಂಕಣಿ ಉಂಟು, ಬಸ್ಸಿನಲ್ಲಿ ತುಳು ಉಂಟು, ಕೆಲಸಕ್ಕೆ ಇಂಗ್ಲಿಷ್ ಉಂಟು. ಕನ್ನಡ ನನಗೆ ಎಂತಕ್ಕೆ?"

ಎಲ್ಲರೂ ಡೆಸ್ಕ್ ಬಡಿದರು. ಪಕ್ಕದಲ್ಲಿ ಕೂರುವ ಗೆಳತಿ ಹೆಮ್ಮೆಯಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದಳು. ಸ್ಟೇಟಸ್‌ಗೆ ಹಾಕುವಾಗ ಉದ್ದವಾಯಿತೆಂದು ಮೊದಲ ಮಾತನ್ನು ಕತ್ತರಿಸಿದಳು.

ಅಷ್ಟೇ ಆದದ್ದು. ಅಲ್ಲಿಂದ ಯಾರೋ ಅದನ್ನು ಎತ್ತಿ ಬೇರೆಡೆ ಹಾಕಿದರು. ಮರುದಿನ ಸಂಜೆಯೊಳಗೆ ನಮ್ಮ ಊರನ್ನೇ ನೋಡದವರು ಅವಳಿಗೆ ರಾಜ್ಯ ಬಿಟ್ಟು ಹೋಗಲು ಹೇಳುತ್ತಿದ್ದರು. ಕೆಲವರು ಅವಳ ಧರ್ಮದ ಬಗ್ಗೆ ಬರೆದರು, ಕೆಲವರು ಮುಖದ ಬಗ್ಗೆ. ಸರಿಯಾಗಿ ಹೇಳಿದಳು ಎಂದು ಮೆಚ್ಚಿದವರೂ ಇದ್ದರು. ಓದಲು ಆಗುವಷ್ಟು ಓದಿದೆ. ನಡೆದದ್ದೇನೆಂದು ನನ್ನ ಹೆಸರು ಹಾಕಿ ಆ ವಿಡಿಯೊದ ಕೆಳಗೆ ಬರೆದೆ. ಅದರ ಕೆಳಗೆ ನಗುವ ಮುಖಗಳು ಬಂದವು. ಮೊದಲು ಈ ಮೇಷ್ಟ್ರನ್ನು ಓಡಿಸಿ ಎಂದು ಒಬ್ಬರು ಬರೆದಿದ್ದರು. ಓದಿ ನನಗೆ ಏನೂ ಅನಿಸಲಿಲ್ಲ. ಫೋನನ್ನು ಮೇಜಿನ ಮೇಲೆ ಮಗುಚಿಟ್ಟೆ.

ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿ ನಕ್ಕರು. "ಎಂತ ಮಾರಾಯ್ರೆ, ನಿಮ್ಮ ದುರ್ಯೋಧನ ಭಾರೀ ಫೇಮಸ್ ಅಲ್ವಾ!" ನಾನು ನಗದಿದ್ದುದನ್ನು ಕಂಡು, ಅವರು ತಮ್ಮ ಚಹಾವನ್ನು ನನ್ನ ಕಡೆ ಸರಿಸಿದರು.

ಹುಡುಗಿಯ ತಾಯಿ ಫಳ್ನೀರಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಡ್ಯೂಟಿ ಮುಗಿಸಿ ನೇರ ಕಾಲೇಜಿಗೆ ಬಂದರು. ಕುಳಿತುಕೊಳ್ಳಿ ಎಂದರೂ ಕೂರಲಿಲ್ಲ.

"ಸರ್, ಮನೆಯಲ್ಲಿ ಕೊಂಕಣಿ ಮಾತಾಡುವಾಗಲೂ ಇವಳಿಗೆ ನಡುವೆ ಕನ್ನಡ ಬರ್ತದೆ. ಬಂದರು ನೋಡಿ ಪಂಡಿತರು ಅಂತ ನಾವು ತಮಾಷೆ ಮಾಡ್ತೇವೆ. ಈಗ ಮಾತೇ ಇಲ್ಲ. ಎಂ.ಎ. ಬೇಡ ಅಂತಾಳೆ. ನೀವು ಹೇಳಿದರೆ ಕೇಳ್ತಾಳೆ."

"ಹೇಳ್ತೇನೆ" ಎಂದೆ.

ಪಕ್ಷ ಬದಲಿಸುವ ದಿನ ಅವಳು ಬಂದಳು. ಎಲ್ಲರ ಮೊಬೈಲುಗಳೂ ನನ್ನ ಮೇಜಿನ ಮೇಲಿದ್ದವು. ಕೇಳದೆಯೇ ತಂದಿಟ್ಟಿದ್ದರು. ಅವಳಿಗೆ ಅಂದು ಕನ್ನಡದ ಪರ ಮಾತಾಡುವ ಸರದಿ. ಅದು ಅವಳದೇ ಪಕ್ಷ. ಅವಳು ಎದ್ದು ನಿಂತು ಡೆಸ್ಕಿನ ಅಂಚನ್ನು ಹಿಡಿದುಕೊಂಡಳು.

"ಸರ್, ಇವತ್ತು ನಾನು ಕನ್ನಡ ಬೇಕು ಅಂದರೆ ಹೆದರಿ ಹೇಳಿದ್ದು ಅಂತಾರೆ. ನನ್ನ ಕಿವಿಗೂ ಹಾಗೇ ಕೇಳ್ತದೆ. ಬೇಡ ಸರ್."

ಕುಳಿತಳು. ಗೆಳತಿ ಪಕ್ಕದಲ್ಲಿ ತಲೆ ತಗ್ಗಿಸಿ ಅಳುತ್ತಿದ್ದಳು. ಹುಡುಗಿ ಅವಳ ಬೆನ್ನಿನ ಮೇಲೆ ಕೈಯಿಟ್ಟಳು. ಬೇರೊಬ್ಬರನ್ನು ಕರೆಯಲು ನನ್ನಿಂದಾಗಲಿಲ್ಲ. ಬೋರ್ಡಿನ ಮೇಲಿದ್ದ ವಿಷಯವನ್ನು ಒರೆಸಿದೆ.

ಸಂಜೆ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಎಂ.ಎ. ಅರ್ಜಿಗೆ ಇನ್ನೂ ಸಮಯವಿದೆ, ಇಷ್ಟಕ್ಕೆ ಬಿಡಬೇಡ ಎಂದೆ. ನನ್ನೊಡನೆ ಅವಳು ಕನ್ನಡ ಬಿಟ್ಟು ಬೇರೆ ಭಾಷೆ ಆಡಿದ್ದೇ ಇರಲಿಲ್ಲ. ಬಸ್ಸು ಬಂತು. ಕಂಡಕ್ಟರ್ ತುಳುವಿನಲ್ಲಿ ಅವಸರ ಮಾಡುತ್ತಿದ್ದ.

"ಐ ವಿಲ್ ಥಿಂಕ್ ಅಬೌಟ್ ಇಟ್, ಸರ್" ಎಂದಳು, ಬಹಳ ಗೌರವದಿಂದ, ಮತ್ತು ಹತ್ತಿದಳು.