ಗಾಣದ ಸುತ್ತ ಕಟ್ಟಿದ ಹಗ್ಗ

ಬಿ.ಎ. ಮುಗಿಸಿ ಮೈಸೂರಿನಿಂದ ಊರಿಗೆ ಬಂದ ವರ್ಷ ಅಪ್ಪ ನನಗೆ ಆಲೆಮನೆಯ ಉಸ್ತುವಾರಿ ವಹಿಸಿದರು. ವಹಿಸಿದರು ಎಂದು ಬರೆಯುವಾಗ ನನಗೇ ಅನುಮಾನ. ಜಗಲಿಯ ಮೇಲೆ ಪತ್ರಿಕೆ ಓದುತ್ತ ಕೂತಿರುತ್ತಿದ್ದವನನ್ನು ಕಣ್ಣೆದುರಿನಿಂದ ಅತ್ತ ಕಳಿಸಲು ಅವರಿಗೆ ಹೊಳೆದ ಉಪಾಯವೂ ಅದಾಗಿರಬಹುದು. ನಮ್ಮೂರು ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ, ಹತ್ತಿರ. ನಾಲೆಯ ನೀರು ಬಂದು ರಾಗಿ ಹೊಲಗಳು ಒಂದೊಂದಾಗಿ ಕಬ್ಬಿನ ಗದ್ದೆಗಳಾಗುತ್ತಿದ್ದವು. ಎತ್ತಿನ ಗಾಣ ತೆಗೆದು ಎಂಜಿನ್ನಿನ ಗಾಣ ಹಾಕಿಸಿದ್ದು ಆ ವರ್ಷವೇ.

ಎತ್ತಿನ ಗಾಣದಲ್ಲಿ ಒಂದು ಅನುಕೂಲವಿತ್ತು. ಯಾರಾದರೂ ಗಟ್ಟಿಯಾಗಿ ಕೂಗಿದರೆ ಎತ್ತು ನಿಂತುಬಿಡುತ್ತಿತ್ತು. ಎಂಜಿನ್ನಿಗೆ ಆ ಸಂಕೋಚವಿರಲಿಲ್ಲ. ಶ್ರೀರಂಗಪಟ್ಟಣದ ಆಚೆ ಎಲ್ಲೋ ಇಂಥದೇ ಗಾಣಕ್ಕೆ ಕಬ್ಬು ಕೊಡುತ್ತಿದ್ದವನ ಕೈ ಮೊಣಕೈವರೆಗೆ ಹೋಯಿತೆಂಬ ಸುದ್ದಿ ನಮ್ಮಲ್ಲಿಗೂ ಬಂದಿತ್ತು. ನಮ್ಮ ಗಾಣಕ್ಕೆ ಕಬ್ಬು ಕೊಡುತ್ತಿದ್ದವನು ಊರ ಲೆಕ್ಕದಲ್ಲಿ ನನಗೆ ಮಾವನಾಗಬೇಕು. ಅವನ ಕೈ ಗಾಣದ ಉರುಳೆಗಳ ಬಾಯಿಗೆ ಕಬ್ಬು ಕೊಡುತ್ತಿದ್ದರೆ ಮುಖ ಪೂರ್ತಿ ಹಿಂದಕ್ಕೆ ತಿರುಗಿರುತ್ತಿತ್ತು. ಯಾಕೆಂದರೆ ಅವನ ಬೆನ್ನ ಹಿಂದೆ ಯಾವಾಗಲೂ ಜನ. ಆಲೆಮನೆಗೆ ಬಂದವರನ್ನು ಕಬ್ಬಿನ ಹಾಲು ಕೊಡದೆ ಕಳಿಸುವ ರೂಢಿ ನಮ್ಮ ಕಡೆ ಇಲ್ಲ. ಸಂತೆಗೆ ಹೋಗುವವರು, ಹೆಣ್ಣು ನೋಡಿ ಬರುವವರು, ನಾಗಮಂಗಲದಿಂದ ಹಿತ್ತಾಳೆ ಪಾತ್ರೆ ಹೊತ್ತು ಬರುವ ವ್ಯಾಪಾರಿ, ಎಲ್ಲರೂ ಗಾಣದ ಬುಡದಲ್ಲೇ ನಿಂತು ಹಾಲು ಕುಡಿದು, ಎಂಜಿನ್ನಿನ ಸದ್ದನ್ನು ಮೀರಿಸಿ ಸುದ್ದಿ ಹೇಳಿ ಹೋಗುತ್ತಿದ್ದರು. ಮಾವನ ಕೈಯನ್ನು ನೋಡಿದಾಗಲೆಲ್ಲ ನನಗೆ ಶ್ರೀರಂಗಪಟ್ಟಣದ ಆ ಸುದ್ದಿ ನೆನಪಾಗುತ್ತಿತ್ತು.

ದೊಡ್ಡ ಊರುಗಳ ಕಾರ್ಖಾನೆಗಳಲ್ಲಿ ಮಾಲೀಕರು ಈಚೆಗೆ ಏನೇನು ಮಾಡುತ್ತಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದ್ದೆ. ಯಂತ್ರಕ್ಕೆ ಬೇಲಿ, ಎಚ್ಚರಿಕೆಯ ಹಲಗೆ, ಔಷಧದ ಪೆಟ್ಟಿಗೆ, ಮೈಗಂಟಿದ ಉಡುಪು. ನಮ್ಮ ಆಲೆಮನೆಗೂ ಇವೆಲ್ಲ ಬರಬೇಕೆಂದು ನಿಶ್ಚಯಿಸಿದೆ. ಹೆಗಲ ಮೇಲಿನ ವಸ್ತ್ರ ನಿಷೇಧಿಸಿದೆ. ಗಾಯಕ್ಕೆ ಹಚ್ಚಲು ಟಿಂಚರ್ ಅಯೊಡಿನ್ನಿನ ಸೀಸೆ ತರಿಸಿದೆ. ಅದರ ಬಣ್ಣ ಎಲ್ಲರಿಗೂ ಎಷ್ಟು ಹಿಡಿಸಿತೆಂದರೆ ಮುಳ್ಳು ಚುಚ್ಚದವರೂ ಬಂದು ಹಚ್ಚಿಸಿಕೊಂಡು ಸೀಸೆ ಬರಿದಾಯಿತು. ಗಾಣದ ಸುತ್ತ ಗೂಟ ನೆಟ್ಟು ಹಗ್ಗ ಕಟ್ಟಿ, ಕೆಂಪು ಬಟ್ಟೆಯ ಚೂರುಗಳನ್ನು ಇಳಿಬಿಟ್ಟು, ‘ಅಪ್ಪಣೆಯಿಲ್ಲದೆ ಒಳಗೆ ಬರಕೂಡದು’ ಎಂದು ನಾನೇ ಹಲಗೆ ಬರೆದೆ. ಹಗ್ಗವನ್ನು ಹಿರೋಡೆಯ ಅಂಗಡಿಯಿಂದ ತಂದೆನೆಂದು ನನ್ನ ನೆನಪು. ಅದು ನಮ್ಮ ಬಾವಿಯ ಹಗ್ಗವೆಂದೂ, ಆ ದಿನ ಅವ್ವ ನೀರಿಗಾಗಿ ಪಕ್ಕದ ಮನೆಗೆ ಹೋದಳೆಂದೂ ನನ್ನ ತಂಗಿ ಈಗಲೂ ಸಾಧಿಸುತ್ತಾಳೆ. ಅವಳ ಮಾತೇ ನನ್ನ ಸ್ವಭಾವಕ್ಕೆ ಹೆಚ್ಚು ಹೊಂದುತ್ತದೆ.

ಮೊದಲು ಬಂದವನು ಪಾತ್ರೆ ವ್ಯಾಪಾರಿ. ಕೆಂಪು ಬಟ್ಟೆ ನೋಡಿದ, ದೂರದಲ್ಲೇ ನಿಂತ, ಹೊರೆ ಇಳಿಸದೆ ಹಿಂತಿರುಗಿದ. ಸಂಜೆಯೊಳಗೆ ನಮ್ಮ ಆಲೆಮನೆಗೆ ಪ್ಲೇಗು ಬಂದಿದೆ ಎಂದು ಊರಲ್ಲೆಲ್ಲ ಗುಲ್ಲು. ಅಪ್ಪ ಛತ್ರಿಯನ್ನು ಕೋಲಿನಂತೆ ಹಿಡಿದು ಬಂದರು.

“ಏನ್ಲಾ ಇದು, ಯಾರ್ನ ಕಟ್ಟಾಕಿದ್ದೀಯ ಒಳಗೆ?”

“ಯಾರನ್ನೂ ಇಲ್ಲಪ್ಪ. ಜನ ಗಾಣದತ್ರ ಬರಬಾರದು ಅಂತ.”

“ಆಲೆಮನೆಗೆ ಜನ ಬರ್ದೆ ಇನ್ಯಾವನ್ಲಾ ಬತ್ತಾನೆ? ನಮ್ಮಪ್ಪನ ಕಾಲದಿಂದ ಇಲ್ಲಿಂದ ಒಬ್ನೂ ಬಾಯಾರ್ಕೊಂಡು ಓಗಿಲ್ಲ ಕಣ್ಲಾ.”

ನಾನು ಮಾವನ ಕೈ ತೋರಿಸಿದೆ. ಈ ಕೈ ಹೋದರೆ ಯಾರು ಜವಾಬ್ದಾರರು, ಮಾಲೀಕನಾದವನ ಧರ್ಮ ಏನು ಎಂದು ಒಂದು ಭಾಷಣವನ್ನೇ ಮಾಡಿದೆ. ಈಗ ನೆನೆದರೆ ಆ ಭಾಷಣ ತುಂಬ ಚೆನ್ನಾಗಿತ್ತು ಅನ್ನಿಸುತ್ತದೆ. ಆದ್ದರಿಂದಲೇ ಅದನ್ನು ಆಮೇಲೆ ಕಟ್ಟಿಕೊಂಡಿರಬೇಕು. ಅಪ್ಪ ಆ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

“ಹಗ್ಗ ಇದ್ರೆ ಇರ್ಲಿ. ಹಾಲು ಮಾತ್ರ ನಿಲ್ಲಿಸ್ಬ್ಯಾಡ,” ಎಂದರು.

ಹಾಲಿನ ಗಡಿಗೆಯನ್ನು ಹೊಂಗೆ ಮರದ ಕೆಳಗೆ ಸಾಗಿಸಿದೆವು. ಜನ ಅಲ್ಲಿ ಕುಡಿದು, ಅಲ್ಲೇ ಸುದ್ದಿ ಹೇಳಿಕೊಂಡು, ಅಲ್ಲಿಂದಲೇ ಹೋಗತೊಡಗಿದರು. ಗಾಣದ ಬಳಿ ಮಾವ ಒಬ್ಬನೇ. ಅವನ ಮುಖ ಈಗ ನೆಟ್ಟಗೆ ಉರುಳೆಗಳ ಕಡೆಗಿತ್ತು. ನಾನು ಆಗಾಗ ದೂರ ನಿಂತು ಆ ನೋಟವನ್ನು ಸವಿಯುತ್ತಿದ್ದೆ.

ಒಂದು ಮಧ್ಯಾಹ್ನ, ಎಲ್ಲರೂ ಮುದ್ದೆ ಉಂಡು ಬಂದ ಮೇಲೆ, ಹೀಗೆಯೇ ಸವಿಯುತ್ತಿದ್ದಾಗ ಮಾವನ ತಲೆ ಎದೆಗೆ ತೂಗಿತು. ಹಾಡು ಗುನುಗುತ್ತಿದ್ದಾನೆ ಎಂದುಕೊಂಡೆ. ತಲೆ ಮತ್ತೆ ತೂಗಿತು. ಕೈಯಲ್ಲಿದ್ದ ಕಬ್ಬು ಒಳಗೆ ಹೋಗಿ ಮುಗಿಯುತ್ತ ಬಂದಿತ್ತು. ಕೈ ಅದನ್ನು ಬಿಟ್ಟಿರಲಿಲ್ಲ. ನಾನು ಕೂಗುತ್ತ ಓಡಿದೆ. ನಾನು ಕಟ್ಟಿದ ಹಗ್ಗ ನನ್ನ ಮೊಣಕಾಲಿಗೇ ಸಿಕ್ಕಿತು. ಗೂಟಗಳೊಂದಿಗೆ, ಕೆಂಪು ಬಟ್ಟೆಗಳೊಂದಿಗೆ ಕಬ್ಬಿನ ಸಿಪ್ಪೆಯ ಮೇಲೆ ಮುಖ ಕೆಳಗಾಗಿ ಬಿದ್ದೆ. ತಲೆಯೆತ್ತಿದಾಗ ಮಾವ ಕೈ ಹಿಂದಕ್ಕೆಳೆದುಕೊಂಡು, ಕಣ್ಣು ಅಗಲ ಮಾಡಿ ನನ್ನನ್ನು ನೋಡುತ್ತಿದ್ದ.

ನನ್ನ ಕೂಗಿಗೆ ಅವನು ಎಚ್ಚರಗೊಂಡನೆಂದು ನಾನು ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಿರಲಿಲ್ಲ. ಕೊಪ್ಪರಿಗೆಯ ಮುಂದೆ ಬೆಲ್ಲದ ಪಾಕ ತಿರುವುತ್ತಿದ್ದವನು ಹೇಳುವಂತೆ, ನಾನು ಬಿದ್ದ ರಭಸಕ್ಕೆ ಎಚ್ಚರಿಕೆಯ ಹಲಗೆ ಕಿತ್ತುಬಂದು ಮಾವನ ಪಾದದ ಮೇಲೆ ಬಿತ್ತು. ಹಾಗಿದ್ದರೆ ನಾನು ಬರೆದ ಎಚ್ಚರಿಕೆ ಅವನನ್ನು ಎಚ್ಚರಿಸಿತು ಎಂದಾದರೂ ಹೇಳಿಕೊಳ್ಳಬಹುದು.

ಎಂಜಿನ್ನು ನಿಲ್ಲಿಸಿದ ಮೇಲೆ ಎಲ್ಲರೂ ಸುತ್ತ ನೆರೆದರು. ಮಾವ ನನ್ನನ್ನೇ ಬಯ್ಯತೊಡಗಿದ.

“ಮಾತಾಡೋರ್ನೆಲ್ಲ ಓಡಿಸ್ಬುಟ್ರೆ ನಿದ್ದೆ ಬರ್ದೆ ಇನ್ನೇನು ಬತ್ತದೆ ಅಳಿಮಯ್ಯ? ಬೆಳಗಿಂದ ಆ ಕಬ್ಬಿನ ಮುಖಾನೇ ನೋಡ್ಕೊಂಡು ಕುಂತಿವ್ನಿ. ಅದೇನು ನನ್ನೆಡ್ತಿಯಾ?”

“ನಿನ್ನೆಡ್ತಿ ಮುಖ ನೋಡ್ದ್ರೂ ನಿಂಗೆ ನಿದ್ದೆನೇ ಬರೋದು ಕಣ್ಲಾ,” ಎಂದ ಕೊಪ್ಪರಿಗೆಯವನು.

ಹಗ್ಗ ಬಿಚ್ಚುವುದೆಂದರೆ ಹಳೆಯ ಭಯ, ಕಟ್ಟುವುದೆಂದರೆ ಹೊಸ ಭಯ. ಕಡೆಗೆ ಹಗ್ಗವನ್ನು ಮತ್ತೆ ಕಟ್ಟಿ, ಅದರ ಹೊರಗೆ, ಗಾಣದ ಆಚೆ ಬದಿಗೆ, ಮಾವನಿಗೆ ಎದುರಾಗಿ ಒಂದು ಕಲ್ಲು ಹಾಕಿಸಿದೆ. ಮಾತಾಡುವವರು ಅಲ್ಲಿ ಕೂರಬೇಕು. ಅವರ ಮುಖ ನೋಡಬೇಕಾದರೆ ಮಾವ ಉರುಳೆಗಳ ಮೇಲಿಂದಲೇ ನೋಡಬೇಕು. ಈ ಏರ್ಪಾಟು ನನ್ನದೇ ಎಂದು ಬರೆದಿದ್ದೇನೆ; ಅಪ್ಪ ಹೇಳಿದ್ದಿರಲೂಬಹುದು. ಊಟವಾದ ಮೇಲಿನ ಬಿಸಿಲಿನಲ್ಲಿ ಯಾರೂ ಬರುತ್ತಿರಲಿಲ್ಲ. ಆ ಹೊತ್ತಿಗೆ ಕಲ್ಲಿನ ಮೇಲೆ ಕೂರುವ ಕೆಲಸ ನನಗೆ ಬಿತ್ತು.

ಮೊದಲ ದಿನ ಇಂಗ್ಲೆಂಡಿನ ಕಾರ್ಖಾನೆಗಳ ವಿಷಯ ತೆಗೆದೆ. ಮಾವನ ರೆಪ್ಪೆ ಇಳಿಯುವುದು ಕಂಡು ಹೆದರಿ ನಿಲ್ಲಿಸಿದೆ.

“ಅಳಿಮಯ್ಯ, ಬೇರೆ ಏನಾರ ಹೇಳು. ನಿನ್ನ ಮಾತ್ಗೆ ನನ್ನ ಕೈ ಓಗ್ಬುಡ್ತದೆ,” ಎಂದ.

ಅಂದಿನಿಂದ ನಾನು ಬೆಳಗ್ಗೆ ಎದ್ದು ಊರ ಸುದ್ದಿ ಕಲೆಹಾಕಲು ಹೊರಡುತ್ತಿದ್ದೆ. ಯಾರ ಎಮ್ಮೆ ಯಾರ ಗದ್ದೆ ಮೇಯ್ದಿತು, ಹೊಸಹೊಳಲಿನ ಬೀಗರು ಯಾಕೆ ಮುನಿದರು, ಯಾವ ಮದುವೆಯಲ್ಲಿ ಪಾಯಸ ಸೀದಿತ್ತು. ಸುದ್ದಿ ಸಿಗದ ದಿನ ನಾನೇ ಹುಟ್ಟಿಸುತ್ತಿದ್ದೆ. ಅವುಗಳಲ್ಲಿ ಕೆಲವು ಊರೆಲ್ಲ ಸುತ್ತಿ ವಾರದ ಮೇಲೆ ನನಗೇ ವಾಪಸು ಬಂದಾಗ ನಾನೂ ನಂಬಿದ್ದೇನೆ. ನನ್ನ ನೆನಪುಗಳನ್ನು ನಾನು ನಂಬದಿರುವುದಕ್ಕೆ ಇದೂ ಒಂದು ಕಾರಣ.

“ಮಗನಿಗೆ ಕೆಲಸ ಸಿಕ್ತಾ?” ಎಂದು ಯಾರೋ ಕೇಳಿದಾಗ ಅಪ್ಪ, “ಸಿಕ್ತು. ಮಾತಾಡೋ ಕೆಲ್ಸ,” ಎಂದರಂತೆ.

ಆ ಸಲದ ಕಡೆಯ ಕೊಪ್ಪರಿಗೆ ಇಳಿದ ದಿನ ಕೆಲಸದವರಿಗೆಲ್ಲ ಅಪ್ಪ ಬಿಸಿ ಬೆಲ್ಲ ಕೊಟ್ಟರು. ಮಾವನ ಸರದಿ ಬಂತು. ಅವನು ಬಾಳೆಲೆಯ ಚೂರನ್ನು ಎರಡೂ ಅಂಗೈಗಳ ಮೇಲೆ ಹರಡಿಕೊಂಡು ಚಾಚಿದ. ಅಪ್ಪ ಬೆಲ್ಲ ಹಾಕುವುದನ್ನು ಮರೆತು ಆ ಕೈಗಳನ್ನು ನೋಡುತ್ತ ನಿಂತರು.

“ಹಾಕಿ ಗೌಡ್ರೆ, ಆರೋಯ್ತದೆ,” ಎಂದ ಮಾವ.