ಸೌತೆಕಾಯಿಗೂ ಒಂದು ಹುಣಸೆ ಬೀಜ

ನಮ್ಮ ಮಾವನ ಎಡಗಾಲಿನ ಕಿರುಬೆರಳಿಗೆ ಹೊಸ ಚಪ್ಪಲಿ ಕಚ್ಚಿ ಗಾಯವಾಯಿತು. ಅರಿಸಿನ ಹಚ್ಚಿದೆವು, ಬೇವಿನ ಸೊಪ್ಪು ಅರೆದು ಕಟ್ಟಿದೆವು. ಬೇರೆಯವರಿಗಾದರೆ ವಾರದಲ್ಲಿ ಒಣಗುತ್ತಿತ್ತು. ಇವರದು ದೀಪಾವಳಿಗೆ ಆದದ್ದು ಸಂಕ್ರಾಂತಿ ಬಂದರೂ ಹಸಿಯಾಗಿಯೇ ಇತ್ತು. ಆಗ ಬಳ್ಳಾರಿ ಜಿಲ್ಲೆ ಇನ್ನೂ ಮದ್ರಾಸಿಗೆ ಸೇರಿತ್ತು. ಕಂಪ್ಲಿಯಲ್ಲಿ ನಮ್ಮ ಮನೆ, ಮಾವನದು ಭತ್ತದ ವ್ಯಾಪಾರ, ಎಮ್ಮಿಗನೂರಿನ ಕಡೆ ಸ್ವಲ್ಪ ಗದ್ದೆ. ಗಾಡಿ ಕಟ್ಟಿಸಿಕೊಂಡು ಹೊಸಪೇಟೆಯ ಡಾಕ್ಟರ ಹತ್ತಿರ ಹೋದೆವು. ಅತ್ತೆ ನನ್ನನ್ನೂ ಕರೆದುಕೊಂಡರು. ಮಾವ ನನಗೆ ಬರೀ ಗಂಡನ ತಂದೆ ಅಲ್ಲ, ನಮ್ಮವ್ವನ ಸ್ವಂತ ಅಣ್ಣ. ಅವರ ಹೆಗಲ ಮೇಲೆ ಬೆಳೆದವಳು ನಾನು. ಬೇರೆ ಮನೆಯ ಸೊಸೆಯರಂತೆ ಬಾಗಿಲ ಮರೆಯಲ್ಲಿ ನಿಂತು ಮಾತಾಡುವ ಕಷ್ಟ ನನಗಿರಲಿಲ್ಲ.

ಡಾಕ್ಟರು ಮಾವನ ಮೂತ್ರವನ್ನು ಗಾಜಿನ ಕೊಳವೆಯಲ್ಲಿ ಒಂದು ನೀಲಿ ಔಷಧದ ಜೊತೆ ಸೇರಿಸಿ ಕಾಯಿಸಿದರು. ನೀಲಿ ಹಾಗೇ ಉಳಿದರೆ ಒಳ್ಳೆಯದು, ಹಸಿರಾದರೆ ಸ್ವಲ್ಪ ಸಕ್ಕರೆ ಇದೆ, ಕೆಂಪಾದರೆ ಬಹಳ ಇದೆ ಎಂದರು. ಮಾವನದು ಕಣ್ಣೆದುರಿಗೇ ಸಂಡೂರಿನ ಮಣ್ಣಿನ ಬಣ್ಣಕ್ಕೆ ತಿರುಗಿತು. ಸಿಹಿಮೂತ್ರದ ರೋಗ. ದಿನಕ್ಕೆ ಇಷ್ಟೇ ರೊಟ್ಟಿ, ಇಷ್ಟೇ ಅನ್ನ, ಬೆಲ್ಲ ಮುಟ್ಟಬಾರದು. ಊಟ ಹದ್ದುಬಸ್ತಿಗೆ ಬಾರದೆ ಗಾಯ ಒಣಗುವುದಿಲ್ಲ, ಒಣಗದಿದ್ದರೆ ಬಳ್ಳಾರಿಯ ದೊಡ್ಡ ಆಸ್ಪತ್ರೆಯಲ್ಲಿ ಮೊದಲು ಬೆರಳು ತೆಗೆಯುತ್ತಾರೆ, ಅಲ್ಲಿಗೂ ನಿಲ್ಲದಿದ್ದರೆ ಪಾದ. ಮಾವ ದಿನವೂ ಗದ್ದೆಯ ಬದುವಿನ ಮೇಲೆ ನಡೆದಾಡುವ ಮನುಷ್ಯ. ಬರುವಾಗ ದಾರಿಯುದ್ದಕ್ಕೂ ತಮ್ಮ ಪಾದವನ್ನೇ ನೋಡಿಕೊಂಡು ಕೂತಿದ್ದರು.

ಅತ್ತೆಗೆ ಓದು ಬರಹ ಇರಲಿಲ್ಲ. ನಾನು ಒಂದಿಷ್ಟು ಅಕ್ಷರ ಕಲಿತಿದ್ದೆ, ಆದರೆ ನನ್ನನ್ನು ಕೇಳದೆ ಅವರು ತಮ್ಮದೇ ಒಂದು ಲೆಕ್ಕ ಹೂಡಿದರು. ಅಡುಗೆಮನೆಯ ಗೂಡಿನಲ್ಲಿ ಎರಡು ಹಿತ್ತಾಳೆ ಬಟ್ಟಲು. ಬೆಳಿಗ್ಗೆ ಒಂದರಲ್ಲಿ ಆ ದಿನದ ಹುಣಸೆ ಬೀಜ ಹಾಕುವುದು. ಒಂದು ರೊಟ್ಟಿ ಬಡಿಸಿದರೆ ಒಂದು ಬೀಜ ಎತ್ತಿ ಇನ್ನೊಂದು ಬಟ್ಟಲಿಗೆ, ಒಂದು ಸೌಟು ಅನ್ನಕ್ಕೆ ಇನ್ನೊಂದು. ಮೊದಲ ಬಟ್ಟಲು ಬರಿದಾದರೆ ಆ ದಿನದ ಊಟ ಮುಗಿಯಿತು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು. ಆದರೆ ಅತ್ತೆ ಒಂದು ಹಿಡಿದರೆ ಅರ್ಧಕ್ಕೆ ಬಿಡುವವರಲ್ಲ.

ಹಂಪಿ ಕಡೆಯ ಹೊಳೆದಂಡೆಯಿಂದ ಎಳೆ ಸೌತೆಕಾಯಿ ಬಂದಿತ್ತು. ಹೆಚ್ಚಿ ತಾಟಿಗೆ ಹಾಕಿದ ಅತ್ತೆ ಗೂಡಿಗೆ ಕೈ ಹಾಕಿದರು.

"ಲೇ, ಸೌತಿಕಾಯಿಗೂ ಬೀಜ ಎತ್ತೀಯಲ್ಲ. ಅದರಾಗ ಏನೈತಿ? ನೀರು," ಎಂದರು ಮಾವ.

"ನೀರು ಕುಡಿತಾರ. ಹಲ್ಲಿಲೆ ಕಡದ್ರ ಅದು ತಿಂದಂಗ."

"ಹಂಗಾರ ಕರಿಬೇವಿಗೂ ಎತ್ತು."

"ತಿಂದ್ರ ಎತ್ತತೀನಿ. ನೀವು ತಗದು ತಾಟಿನ ಅಂಚಿಗೆ ಇಡತೀರಿ, ಅದಕ್ಕ ಬಿಟ್ಟೀನಿ."

ಮೂಲಂಗಿಗೆ ಬೀಜ, ಹಸಿ ಮೆಂತೆ ಸೊಪ್ಪಿಗೆ ಬೀಜ, ನೀರು ಮಜ್ಜಿಗೆಗೆ ಬೀಜ. ಮಾವ ವ್ಯಾಪಾರಸ್ಥರು. ನಾಲ್ಕು ದಿನ ಸುಮ್ಮನೆ ನೋಡಿ ಸೌತೆಕಾಯಿಯ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಸೌತಿಕಾಯಿಗೂ ಒಂದು ಬೀಜ, ರೊಟ್ಟಿಗೂ ಒಂದು ಬೀಜ. ದರ ಒಂದೇ ಅಂದಮ್ಯಾಲೆ ಸೌತಿಕಾಯಿ ತಗಳಾಕ ನನಗೇನು ಹುಚ್ಚೇನವ್ವ?"

ಅಂದಿನಿಂದ ಅವರ ತಾಟಿನಲ್ಲಿ ಹಸಿರು ಎನ್ನುವುದೇ ಕಾಣಲಿಲ್ಲ. ಬೀಜಗಳೆಲ್ಲ ರೊಟ್ಟಿಗೆ, ಅನ್ನಕ್ಕೆ. ಲೆಕ್ಕ ಒಂದು ಬೀಜವೂ ತಪ್ಪಲಿಲ್ಲ, ಅತ್ತೆಗೆ ಸಮಾಧಾನ. ಆದರೆ ಅಷ್ಟು ರೊಟ್ಟಿ ಆ ಹೊಟ್ಟೆಗೆ ಯಾವ ಮೂಲೆಗೆ ಸಾಲಬೇಕು? ಹೊತ್ತು ಇಳಿಯುವ ಹೊತ್ತಿಗೆ ಮಾವನ ಮುಖ ಸಣ್ಣದಾಗುತ್ತಿತ್ತು. ಅಡುಗೆಮನೆಯ ಬಾಗಿಲವರೆಗೆ ಬಂದು, ಗೂಡಿನ ಕಡೆ ನೋಡಿ, ಏನೂ ಕೇಳದೆ ಹೊರಗೆ ಹೋಗುತ್ತಿದ್ದರು.

ಒಂದು ದಿನ ಗೂಟಕ್ಕೆ ನೇತುಹಾಕಿದ್ದ ಅವರ ಹೆಗಲ ವಲ್ಲಿಗೆ ಇರುವೆ ಸಾಲು ಹತ್ತಿತ್ತು. ಅತ್ತೆ ತುದಿ ಬಿಚ್ಚಿ ನೋಡಿದರೆ ಬೆಲ್ಲದ ಪುಡಿ. ಕಂಪ್ಲಿಯಲ್ಲಿ ಬೆಲ್ಲಕ್ಕೆ ಏನು ಬರ, ಯಾವ ಅಂಗಡಿಯ ಕಟ್ಟೆಗೆ ಕೂತರೂ ಒಂದು ಚೂರು ಕೈಗೆ ಬರುತ್ತದೆ. ಅತ್ತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ವಲ್ಲಿಯನ್ನು ಅಂಗಳದಲ್ಲಿ ಝಾಡಿಸಿ ಬಂದು, ಎಂದಿನಂತೆ ಬಿಸಿನೀರು ಇಟ್ಟುಕೊಂಡು ಮಾವನ ಗಾಯ ತೊಳೆಯಲು ಕೂತರು.

"ಬೆರಳು ಹೋದ್ರ ಹೋಗಲಿ ಅಂತ ಮಾಡೀರೇನು?"

"ಹಸಿವು ಆಗತೈತಲೇ," ಎಂದರು ಮಾವ. ಅಷ್ಟೇ. ಅತ್ತೆ ಬಟ್ಟೆ ಕಟ್ಟಿ ಎದ್ದರು.

ಎರಡನೆಯ ಸಲ ಹೊಸಪೇಟೆಗೆ ಹೋದಾಗ ಕೊಳವೆಯ ಬಣ್ಣ ಮೊದಲಿನಂತೆಯೇ ಕೆಂಪು. ಗಾಯ ಪಕ್ಕದ ಬೆರಳಿನ ಕಡೆ ಸರಿದಿತ್ತು. ಮುಂದಿನ ಅಮಾವಾಸ್ಯೆ ಕಳೆದು ಬನ್ನಿ, ಹೀಗೇ ಇದ್ದರೆ ಬಳ್ಳಾರಿಗೆ ಕಳಿಸುತ್ತೇನೆ ಎಂದರು ಡಾಕ್ಟರು. ನಾನು ಸೆರಗು ಸರಿಮಾಡಿಕೊಂಡು ಕೇಳಿಯೇ ಬಿಟ್ಟೆ, "ಸೌತಿಕಾಯಿ, ಮೂಲಂಗಿ, ಮೆಂತಿ ತಪ್ಪಲು, ನೀರು ಮಜ್ಜಿಗಿ, ಇವನ್ನೂ ಲೆಕ್ಕಕ್ಕ ಹಿಡಿಬೇಕೇನ್ರಿ?"

"ಅದನ್ನು ಯಾರು ಲೆಕ್ಕ ಹಿಡಿಯುತ್ತಾರಮ್ಮ? ಹೊಟ್ಟೆ ತುಂಬ ತಿನ್ನಲಿ."

ಮಾವ ಅತ್ತೆಯ ಕಡೆ ತಿರುಗಿ ನೋಡಿದ ನೋಟ ಈಗಲೂ ನನ್ನ ಕಣ್ಣಿಗೆ ಕಟ್ಟಿದೆ. ಗೆದ್ದ ಕೋಳಿಯ ಹಾಗೆ.

ಗಾಡಿಯಲ್ಲಿ ಅತ್ತೆ ಗೊಣಗಿದರು. "ಡಾಕ್ಟರು ನಿಮ್ಮ ಮಾವನ ಸಂಗಾಟ ಬಾಳೇವು ಮಾಡ್ಯಾರೇನು? ಇವತ್ತು ಸೌತಿಕಾಯಿ ಬಿಟ್ರ ನಾಳಿ ಬಾಳಿಹಣ್ಣು ಅಂತಾರ. ನಾಡದು ಕಬ್ಬಿನ ಹಾಲೂ ನೀರಽ ಅಂತಾರ."

"ಹಸಗೊಂಡು ಬೆಲ್ಲ ತಿನ್ನೋದಕ್ಕಿಂತ ತಪ್ಪಲು ತಿನ್ನೋದು ಛಲೋ ಅಲ್ಲೇನು ಅತ್ತಿ?" ಎಂದೆ. ಮರುದಿನ ಅತ್ತೆ ತಾಟಿನ ತುಂಬ ಮೆಂತೆ ಸೊಪ್ಪು, ಮೂಲಂಗಿ, ಸೌತೆಕಾಯಿ ಹರಡಿ, ನಡುವೆ ಎರಡು ರೊಟ್ಟಿ ಇಟ್ಟು, ಎರಡೇ ಬೀಜ ಎತ್ತಿದರು. ಮಾವ ಎತ್ತು ಮೇವು ತಿಂದಂತೆ ಕರಕರ ಅಗಿದು, ಎಷ್ಟೋ ದಿನದ ಮೇಲೆ ತೇಗಿ ಎದ್ದರು. ಸಂಜೆ ಅಂಗಡಿ ಕಟ್ಟೆಗೆ ಹೋಗಲಿಲ್ಲ.

ಹಾಗಂತ ಅತ್ತೆಯ ಹೆದರಿಕೆ ಸುಳ್ಳೇನೂ ಆಗಲಿಲ್ಲ. ಒಂದು ವಾರ ಬರೀ ಸೌತೆಕಾಯಿ. ಆಮೇಲೆ ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಆಮೇಲೆ ಹಿಂಡಿ ಒಣಗಿದೆ ಎಂದು ಒಂದು ಹನಿ ಎಣ್ಣೆ. ಮಜ್ಜಿಗೆ ದಿನದಿಂದ ದಿನಕ್ಕೆ ಮೊಸರಿನ ಕಡೆ ನಡೆದಿತ್ತು. ಒಂದು ಮಧ್ಯಾಹ್ನ ಅತ್ತೆ ತಾಟಿನ ಮುಂದೆ ಬಗ್ಗಿ ನಿಂತರು.

"ಇದು ಸೌತಿಕಾಯಿ ಮ್ಯಾಲೆ ಹಿಂಡಿಯೋ, ಹಿಂಡಿ ಕೆಳಗ ಸೌತಿಕಾಯಿಯೋ?"

"ಡಾಕ್ಟರು ಹೇಳ್ಯಾರಲ್ಲ, ಇದಕ್ಕ ಲೆಕ್ಕ ಇಲ್ಲ ಅಂತ."

"ಕಾಯಿಗೆ ಇಲ್ಲ. ಹಿಂಡಿಗೆ ಐತಿ," ಎಂದು ಎರಡು ಬೀಜ ಎತ್ತಿ ಬಟ್ಟಲಿಗೆ ಟಣ್ಣೆಂದು ಹಾಕಿದರು. ಆ ರಾತ್ರಿಯ ರೊಟ್ಟಿ ಹೋಯಿತು. ಮರುದಿನದಿಂದ ಮಾವ ಉಪ್ಪು, ನಿಂಬೆಹುಳಿಯಲ್ಲಿ ತಿನ್ನಲು ಕಲಿತರು.

ಈಗ ನಮ್ಮ ಮನೆಯ ಹುಡುಗಿಯರು ತೆಳ್ಳಗಾಗಬೇಕೆಂದು ತಿಂದದ್ದನ್ನೆಲ್ಲ ಲೆಕ್ಕ ಹಾಕುತ್ತಾರೆ, ಎರಡು ಹೋಳು ಸೌತೆಕಾಯಿಯನ್ನೂ ಬಿಡುವುದಿಲ್ಲ. ನನ್ನನ್ನು ಕೇಳಿದರೆ ಅದು ದಂಡದ ಕೆಲಸ. ಎಲ್ಲಕ್ಕೂ ಕಾವಲು ಕೂತರೆ ಮನುಷ್ಯ ರೋಸಿಹೋಗಿ ಕಾಯಬೇಕಾದದ್ದನ್ನೇ ಕದ್ದು ತಿನ್ನುತ್ತಾನೆ. ಆದರೆ ಸೌತೆಕಾಯಿಯ ಬೆನ್ನು ಹತ್ತಿ ಏನೇನು ತಾಟಿಗೆ ಬರುತ್ತದೆ ಎನ್ನುವುದರ ಮೇಲೆ ಒಂದು ಕಣ್ಣಿರಲಿ. ನಮ್ಮ ಅತ್ತೆಗಿದ್ದಂಥ ಕಣ್ಣಾದರೆ ಇನ್ನೂ ಒಳ್ಳೆಯದು.

ಅಮಾವಾಸ್ಯೆ ಕಳೆದು ಹೊಸಪೇಟೆಗೆ ಹೊರಟ ದಿನ ಅತ್ತೆ ಏನೂ ತಿನ್ನಲಿಲ್ಲ. ಕೊಳವೆ ಕಾಯಿಸುವಾಗ ಗೋಡೆಯ ಕಡೆ ಮುಖ ಮಾಡಿ ನಿಂತರು. ನೀಲಿ ಸ್ವಲ್ಪ ಹಸಿರಿಗೆ ಹೊರಳಿತು, ಅಲ್ಲಿಯೇ ನಿಂತಿತು. ಡಾಕ್ಟರು ಗಾಯವನ್ನು ಸುತ್ತಲೂ ಒತ್ತಿ ನೋಡಿದರು. ಅಂಚಿನಲ್ಲಿ ಹೊಸ ಚರ್ಮ ಬಂದಿದೆ, ಬಳ್ಳಾರಿಗೆ ಹೋಗುವುದು ಬೇಡ ಎಂದರು.

ಊರು ದಾಟಿದ ಮೇಲೆ ಮಾವ ಗಾಡಿ ನಿಲ್ಲಿಸಿ ಇಳಿದರು. ಸ್ವಲ್ಪ ದೂರ ನಡೆದು ಬರುತ್ತೇನೆ ಎಂದು ಗಾಡಿಯ ಹಿಂದೆ, ಪಾದವನ್ನು ಪೂರ್ತಿ ಊರಿ, ಕೈ ಬೀಸಿಕೊಂಡು ನಡೆದರು. ಅತ್ತೆ ಗಾಡಿಯಿಂದ ಆ ಪಾದವನ್ನೇ ನೋಡುತ್ತ ಕೂತರು.

"ಸಾಕು, ಹತ್ತ್ರಿ ಮ್ಯಾಲೆ. ಮತ್ತ ಗಾಯ ಮಾಡಿಕ್ಯಂಡ್ರ ನಾ ಹೊತಗಂಡು ತಿರಗಾಕಿ ಅಲ್ಲ."

"ನಿನ್ನ ಯಾರು ಹೊರು ಅಂದಾರು," ಎಂದು ಮಾವ ಹತ್ತಿ, ಮುಂದೆ ಹೋಗಿ ಕೂರದೆ ಅತ್ತೆಗೆ ಒತ್ತಿಕೊಂಡೇ ಕೂತರು. ಸೊಸೆಯ ಮುಂದೆ ಹಾಗೆ ಕೂರುವ ಕಾಲ ಅದಲ್ಲ. ನಾನು ಎತ್ತುಗಳ ಕಡೆ ಮುಖ ತಿರುಗಿಸಿಕೊಂಡೆ.