ಟ್ರ್ಯಾಕ್ಟರಿನ ನೆತ್ತಿಗೆ ಭಂಡಾರ

ಥೂ! ಆಗ ನಮ್ಮ ಅಂಗಳ ನೋಡಿದ್ದರೆ ನಿಮಗೂ ಹೇಸಿಗೆ ಬರುತ್ತಿತ್ತು. ಸೆಗಣಿ ಸಾರಿಸಿ ಕೈ ತೊಳೆದುಕೊಳ್ಳುವಷ್ಟರಲ್ಲಿ ಅದರ ಮೇಲೊಂದು ಕರೀ ಮಡು. ಕೋಳಿಗಳ ಕಾಲು ಕರಿ, ಹೊಸ್ತಿಲು ಕರಿ, ಹೊದೆಯುವ ಕೌದಿಯೂ ಕರಿ. ಗಂಡನ ಹೆಸರು ಹೇಳಬಾರದಂತೆ. ಸಿಟ್ಟು ಬಂದಿದೆ, ಹೇಳುತ್ತೇನೆ: ಸಿದ್ರಾಯ. ಇವರು ಮುಟ್ಟಿದ ರೊಟ್ಟಿಗೂ ಸುಟ್ಟ ಆಯಿಲ್ಲಿನ ವಾಸನೆ.

ಇದಕ್ಕೆಲ್ಲ ಕಾರಣ ನನ್ನ ಮಾವ ಶಿದ್ರಾಮರ ಹಳೇ ಟ್ರ್ಯಾಕ್ಟರು. ಮಾವ ತೀರಿಕೊಂಡ ಮೇಲೆ ಅದು ಕುಲಗೋಡದ ನಮ್ಮ ಹೊಲದ ಬದುವಿನಲ್ಲಿ, ಜಾಲಿಮುಳ್ಳಿನ ನಡುವೆ ತುಕ್ಕು ಹಿಡಿದು ಬಿದ್ದಿತ್ತು. ಇವರು ಮನೆಗೆ ಎಳೆದು ತಂದು, ಬಿಚ್ಚಿ ಜೋಡಿಸಿ, ಕೆಂಪು ಬಣ್ಣ ಬಳಿದು ಮದುಮಗನ ಹಾಗೆ ನಿಲ್ಲಿಸಿದರು. ಹೊಲಕ್ಕೆ ಬೇರೆ ಟ್ರ್ಯಾಕ್ಟರಿದೆ. ಇದು ಬರೀ ನಮ್ಮತ್ತೆ ಲಗಮವ್ವನ ಖುಷಿಗೆ. ಮುಂಜಾನೆ ಇವರು ಇಂಜಿನ್ ಚಾಲೂ ಮಾಡಿದರೆ ಸಾಕು, ಅತ್ತೆ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಸಿನ, ಚಿಟಿಕೆಯಲ್ಲಿ ಹಿಡಿದು ಬರುತ್ತಿದ್ದರು. ಇಂಜಿನ್ನಿನ ಮೇಲೆ ಆಯಿಲ್ ಹಾಕುವ ಬಾಯಿಗೊಂದು ದುಂಡು ಮುಚ್ಚಳವಿದೆ. ಅದೇ ಇದರ ನೆತ್ತಿ ಅಂತ ಅಲ್ಲೇ ಹಚ್ಚಿ, ಅಂಗೈ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ಮೊದಮೊದಲು ಸೋರುತ್ತಿರಲಿಲ್ಲ. ಆಮೇಲೆ ಶುರುವಾಯಿತು ನೋಡಿ ದರಿದ್ರ! ಇವರು ಸೀಲು ಬದಲಿಸಿದರು, ಸೋರಿತು. ಗ್ಯಾಸ್ಕೆಟ್ ಬದಲಿಸಿದರು, ಸೋರಿತು. ಮೂಡಲಗಿಯ ಮಿಸ್ತ್ರಿಯೊಬ್ಬ ಬಂದು ದಿನವಿಡೀ ಅದರಡಿ ಮಲಗಿ, ನನ್ನ ಚಹಾ ಕುಡಿದು ಹೋದ. ಮತ್ತಷ್ಟು ಸೋರಿತು.

ಒಂದು ದಿನ ಅತ್ತೆ ಆ ಆಯಿಲ್ ಮೇಲೆ ಕಾಲಿಟ್ಟು ಜಾರಿ ಬಿದ್ದರು. ಕೈ ಉಳುಕಿತು. ನನಗೆ ತಲೆ ಕೆಟ್ಟುಹೋಯಿತು.

“ಸಾಕ್ರಿ ಈ ಹೊಲಸು! ಯಮಕನಮರಡಿ ಗುಜರಿಯವಂಗ ಫೋನ್ ಮಾಡೇನಿ. ನಾಳೆ ಬಂದು ಒಯ್ತಾನ,” ಅಂದೆ.

ಇವರು ಕೈ ಒರೆಸಿಕೊಂಡು ಎದ್ದು ಹೋದರು. ಅತ್ತೆಯೂ ಬೇಡ ಅನ್ನಲಿಲ್ಲ, ಆದರೆ ಊಟ ಬಿಟ್ಟರು. ಅದು ನನಗೆ ಇನ್ನೂ ಕೆಟ್ಟದೆನಿಸಿತು.

ಮರುದಿನ ಅತ್ತೆ, “ಕಡೀ ಸಲ ಚಾಲೂ ಮಾಡೋ,” ಅಂದರು. ಇವರು ಚಾಲೂ ಮಾಡಿ, ಆಯಿಲ್ ಹಾಕಲು ಮುಚ್ಚಳ ತೆಗೆದರು. ನಾನು ಮೂಗಿಗೆ ಸೆರಗು ಹಿಡಿದು, ಹನಿ ಬೀಳುವ ಕಡೆ ಬೂದಿ ಚೆಲ್ಲಲು ಬಗ್ಗಿದೆ. ಹನಿ ಇಲ್ಲ!

“ರೀ, ನಿಂತೈತ್ರಿ!”

ಇವರು ಮುಚ್ಚಳ ಹಾಕಿದರು. ಸ್ವಲ್ಪ ಹೊತ್ತಿಗೆ ತೊಟ್ಟಿಕ್ಕಿತು. ತೆಗೆದರು, ನಿಂತಿತು. ಮುಚ್ಚಳ ತಿರುಗಿಸಿ ನೋಡಿದರೆ, ಛೀ, ಅದರ ಕಿಂಡಿಗಳ ತುಂಬ ಆಯಿಲ್ ಕುಡಿದ ಭಂಡಾರ, ಹಳಸಿದ ಕಡಲೆಹಿಟ್ಟಿನ ಝುಣಕದ ಹಾಗೆ ಗಟ್ಟಿಯಾಗಿ ಮೆತ್ತಿತ್ತು.

“ಅವ್ವಾ, ಇದು ನೆತ್ತಿ ಅಲ್ಲಬೇ, ಮೂಗು! ಇಂಜಿನ್ ಉಸುರು ಬಿಡೂದ ಇಲ್ಲಿಂದ. ಮೂಗು ಮುಚ್ಚಿದ್ದಕ್ಕ ಒಳಗಿನ ಗಾಳಿ ಆಯಿಲ್ ಹೊರಗ ನೂಕಾಕತ್ತಿತ್ತು.”

ನನಗೆ ನಗು, ಸಿಟ್ಟು, ಹೇಸಿಗೆ ಎಲ್ಲ ಒಟ್ಟಿಗೇ ಬಂತು. ಇಷ್ಟು ದಿನ ನಾನು ಅಂಗಳದಿಂದ ಒರೆಸಿದ್ದು ದೇವರ ಪ್ರಸಾದವೇ? ಅತ್ತೆಯನ್ನು ಬೈಯಬೇಕೆಂದು ತಿರುಗಿದೆ. ಅವರು ಮುಚ್ಚಳದ ಕಡೆ ಬೆರಳು ತೋರಿಸಿದರು.

“ಅಲ್ಲಿ ಕೈ ಇಟ್ರ ಬೆಚ್ಚಗ ಉಸುರು ಬರ್ತಿತ್ತವಾ, ಕಸ್ತೂರಿ. ನಿಮ್ಮ ಮಾವ ಬಾಜೂಕ ಕುಂತಂಗ ಅನಸ್ತಿತ್ತು. ಅದಕ್ಕ ಅಲ್ಲೇ ಹಚ್ತಿದ್ದೆ. ಇತ್ತಿತ್ಲಾಗ ಬರೂದ ನಿಂತಿತ್ತು. ನನ್ನ ಮ್ಯಾಲ ಸಿಟ್ಟಾಗ್ಯಾನ ಅನ್ಕೊಂಡು ಮತ್ತಷ್ಟು ಹಚ್ಚಿದೆ.”

ಗುಜರಿಯವನಿಗೆ ನಾನೇ ಫೋನ್ ಮಾಡಿ ಬರಬೇಡ ಅಂದೆ. ಇವರ ಕೈಯಿಂದ ಮುಚ್ಚಳ ಕಿತ್ತುಕೊಂಡು, ಆ ಹೊಲಸನ್ನು ನನ್ನ ಉಗುರಿನಿಂದಲೇ ಕೆರೆದು, ಡೀಸೆಲ್‌ನಲ್ಲಿ ತೊಳೆದೆ. ವಾಕರಿಕೆ ಬಂತು, ಆದರೂ ತೊಳೆದೆ.

ಓಡುತ್ತಿದ್ದ ಇಂಜಿನ್ನಿಗೆ ಮುಚ್ಚಳ ಕೂರಿಸಿ, ಅತ್ತೆಯ ಉಳುಕದ ಕೈ ಹಿಡಿದು ಅದರ ಮೇಲಿಟ್ಟೆ.

“ಬಂತೇನ್ರಿ, ಅತ್ತಿ?”

ಅವರು ಕಣ್ಣು ಮುಚ್ಚಿದರು. “ಬಂತವಾ,” ಅಂದರು.